ಗಡಿ ಸುತ್ತಿದವರು ಯಾರು?

ದೇವರಮನೆ ರಸ್ತೆ, ಮೂಡಿಗೆರೆ ತಾಲ್ಲೂಕು
18 ಜನವರಿ 2026

ಪ್ರೀತಿಯ ತಮ್ಮ ರುದ್ರೇಶಾ,

ಹೇಗಿದ್ದೀಯ? ಸುಕನ್ಯಾಳ ಮಂಡಿನೋವು ಕಡಿಮೆಯಾಯಿತೇ? ಆಂಟ್‌ವರ್ಪಿನ ಚಳಿಯಲ್ಲಿ ಅವಳು ಬರಿಗಾಲಲ್ಲಿ ಓಡಾಡದ ಹಾಗೆ ನೋಡಿಕೋ. ನಾನು ಗಟ್ಟಿಯಾಗಿದ್ದೇನೆ. ರೊಬಸ್ಟಾ ಕೊಯ್ಲು ಅರ್ಧ ಮುಗಿದಿದೆ. ಕುಶಲವೆಲ್ಲ ಇಷ್ಟೇ, ಇನ್ನು ಮುಂದಿರುವುದು ಸಿಟ್ಟು. ಫೋನಿನಲ್ಲಿ ಹೇಳೋಣವೆಂದರೆ ‘ಮೀಟಿಂಗಲ್ಲಿದೀನಿ ಅಕ್ಕಾ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಪೂರ್ತಿ ಓದು.

ನಿಮ್ಮ ಯುರೋಪ್ ಒಕ್ಕೂಟದ ಕಾನೂನಿನ ಬಗ್ಗೆ ಬೆಳೆಗಾರರ ಸಂಘದ ಮೇಘಶ್ರೀ ಎರಡು ಸಭೆ ಮಾಡಿ ಹೇಳಿದಳು. 2020 ಮುಗಿದ ಮೇಲೆ ಕಾಡು ಕಡಿದ ನೆಲದ ಕಾಫಿ ಅಲ್ಲಿಗೆ ಹೋಗುವ ಹಾಗಿಲ್ಲ. ತೋಟ ಸುಮಾರು ಹತ್ತು ಎಕರೆಯೊಳಗಿದ್ದರೆ ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟರೆ ಸಾಕು, ಹೆಚ್ಚಿದ್ದರೆ ಗಡಿಯುದ್ದಕ್ಕೂ ಗೆರೆ ಎಳೆದು ತೋರಿಸಬೇಕು. ಜಮೀನು ಯಾರದೆಂಬ ದಾಖಲೆಯೂ ಬೇಕು. ಕಾನೂನನ್ನು ಅಲ್ಲಿನ ಕಮಿಷನ್ ಬರೆಯಿತಂತೆ, ಪಾರ್ಲಿಮೆಂಟ್ ತಿದ್ದಿತಂತೆ, ಇಪ್ಪತ್ತೇಳು ದೇಶಗಳ ಮಂತ್ರಿಗಳು ಕೂತು ಒಪ್ಪಿದರಂತೆ. ಗಡುವನ್ನು ಎರಡು ಸಲ ಮುಂದೆ ಹಾಕಿದ್ದರೂ ವ್ಯಾಪಾರಿಗಳು ಈಗಲೇ ನಕ್ಷೆ ಕೇಳುತ್ತಿದ್ದಾರೆ. ಒಂದು ಮತ್ತಿ ಮರಕ್ಕೂ ಕೊಡಲಿ ತಾಗಿಸದ ನಾನು ಕಳ್ಳಿಯಲ್ಲ ಎಂದು ಸಾಬೀತು ಮಾಡಬೇಕಲ್ಲ ಎಂದು ಮೈಯೆಲ್ಲ ಉರಿಯಿತು. ಆದರೂ ನಮ್ಮದು ಹನ್ನೆರಡು ಎಕರೆ, ಗೆರೆ ಎಳೆಯಲೇಬೇಕು ಎಂದು ಹೊರಟೆ.

ಕೊಯ್ಲಿಗೆ ಮುಂಚೆ ಮನೆಯ ಯಜಮಾನ ಗಡಿ ಸುತ್ತಿ, ಚೌಡಿ ಬನಕ್ಕೆ ಮೂರು ಸುತ್ತು ಬರುವ ಪದ್ಧತಿ ನಿನಗೆ ನೆನಪಿದೆಯೋ ಇಲ್ಲವೋ. ಅಪ್ಪ ಹೋದ ಮೇಲೆ ಹದಿನಾಲ್ಕು ವರ್ಷದಿಂದ ಅದನ್ನು ಮಾಡುತ್ತಿರುವವಳು ನಾನು. ಹೇಗೂ ಸುತ್ತುವ ದಿನವೇ ಎಂದು ಮೇಘಶ್ರೀ ಹಾಕಿಕೊಟ್ಟ ಆ್ಯಪನ್ನು ಚಾಲೂ ಮಾಡಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದೆ. ಮೇಸ್ತ್ರಿ ಸುಬ್ಬಣ್ಣ ಮುಂದೆ ಕತ್ತಿ ಹಿಡಿದು ದಾರಿ ಬಿಡಿಸುತ್ತಿದ್ದ. ಜಿಗಣೆ ಹತ್ತಿತು, ಲಂಟಾನ ಗೀರಿತು, ಹಳ್ಳ ಇಳಿದು ಹತ್ತಿದೆವು. ಬನದ ಹತ್ತಿರ ಚಪ್ಪಲಿ ಬಿಟ್ಟು ಮೂರು ಸುತ್ತು ಬಂದೆ, ಫೋನು ಸೊಂಟದಲ್ಲೇ ಇತ್ತು. ನಾಲ್ಕು ದಿನ ಬಿಟ್ಟು ನಕ್ಷೆ ವಾಪಸ್ ಬಂತು! ಗೆರೆ ತನ್ನನ್ನು ತಾನೇ ದಾಟಿದೆ, ಇಂಥ ತೋಟ ಇರಲು ಸಾಧ್ಯವಿಲ್ಲ ಅಂತ. ಮೇಘಶ್ರೀ ಫೋನಿನ ಪರದೆ ತೋರಿಸಿದಳು, ಬನದ ಜಾಗದಲ್ಲಿ ಗೆರೆ ಗಂಟುಗಂಟಾಗಿತ್ತು. ಸುಬ್ಬಣ್ಣ ನೋಡಿ, ‘ಅಮ್ಮಾವ್ರೇ, ಚೌಡಿ ನಮ್ಮವಳೇ ಆದ್ರೂ ಆ ದೇಶದವ್ರಿಗೆ ಹೇಗೆ ಗೊತ್ತಾಗ್ಬೇಕು ಹೇಳಿ’ ಅಂದ. ನಗು ಬಂತು. ಮತ್ತೆ ಸುತ್ತಿದೆ, ಈ ಸಲ ಚೌಡಿಗೆ ದೂರದಿಂದಲೇ ಕೈಮುಗಿದು ತಪ್ಪಾಯಿತು ಎಂದು ಕೇಳಿಕೊಂಡೆ.

ಇಷ್ಟಾದ ಮೇಲೆ ಆ್ಯಪಿನಲ್ಲಿ ಬೆಳೆಗಾರರ ಹೆಸರು ಕೇಳುವ ಸಾಲು ಬಂತು. ಪಹಣಿಯಲ್ಲಿ ಇರುವುದು ನಿನ್ನೊಬ್ಬನ ಹೆಸರು. ಅಪ್ಪನ ತಿಥಿ ಮುಗಿಸಿ ಹೊರಡುವಾಗ ‘ಸುಮ್ಮನೆ ಅನುಕೂಲಕ್ಕೆ ಅಕ್ಕಾ, ಆಮೇಲೆ ಸರಿ ಮಾಡ್ಸಣ’ ಅಂದೆ, ನಾನು ತಲೆಯಾಡಿಸಿದೆ, ಪೆದ್ದಿ. ಜಂಟಿ ಹೆಸರು ಮಾಡಿಸು ಎಂದು ಮೂರು ತಿಂಗಳಿಂದ ಕೇಳುತ್ತಿದ್ದೇನೆ. ಕೊನೆಗೆ ನೀನು ಕಳಿಸಿದ ಮೆಸೇಜು ಏನು? ‘ಬೆಳೆಗಾರ ಅಂತ ನನ್ನ ಹೆಸರೇ ಇರಲಿ, ನಿನ್ನದನ್ನು ರೈಟರ್ ಅಂತ ಹಾಕು.’ ರೈಟರ್! ಹಾಜರಿ ಪುಸ್ತಕ ಬರೆಯುವ ರೈಟರ್! ಅಲ್ಲ ಮಾರಾಯ, ಗಂಡ ಸತ್ತು ತವರಿಗೆ ಬಂದವಳು ಎಂದು ಊರವರು ಆಡಿಕೊಂಡಾಗಲೂ ನನಗೆ ಇಷ್ಟು ನೋವಾಗಿರಲಿಲ್ಲ. ಕಾಂಡಕೊರಕ ಹುಳು ಬಿದ್ದು ಅರ್ಧ ಅರೇಬಿಕಾ ಗಿಡ ಕಿತ್ತು ಸುಡಬೇಕಾಗಿ ಬಂದಾಗ ಎಲ್ಲಿದ್ದೆ ನೀನು? ಹೊಸ ಗಿಡಕ್ಕೆ ಗುಂಡಿ ತೋಡಿಸಿದವರು ಯಾರು? ನಿನ್ನ ಕಾಫಿ ಕಂಪನಿಯ ಆಫೀಸಿನಲ್ಲಿ ಕಪ್ಪುಗಳನ್ನು ಸಾಲಾಗಿಟ್ಟು ಸೊರ್ ಎಂದು ಹೀರಿ ರುಚಿ ನೋಡಿ ಇದು ಚೆನ್ನ, ಇದು ಸುಮಾರು ಎನ್ನುತ್ತೀಯಲ್ಲ, ನಿನಗೆ ನಮ್ಮ ತೋಟದ ಪಡುವಣ ಗಡಿಯಲ್ಲಿ ಯಾವ ಮರವಿದೆ ಗೊತ್ತೇನೋ? ಇಪ್ಪತ್ತೇಳು ದೇಶ ಕೂತು ಒಂದು ಕಾಗದಕ್ಕೆ ಒಪ್ಪಿದವು. ಒಂದೇ ತಟ್ಟೆಯಲ್ಲಿ ಉಂಡ ನಾವಿಬ್ಬರು ಒಪ್ಪುವುದಕ್ಕೆ ನಿನಗೆ ಪುರಸೊತ್ತಿಲ್ಲ. ಆ ಕಮಿಷನ್ ಮೇಲಿದ್ದ ನನ್ನ ಸಿಟ್ಟು ಆವತ್ತೇ ಇಳಿಯಿತು. ಏನೇ ಆಗಲಿ, ಈ ತೋಟ ಮಾಡುತ್ತಿರುವವರು ಯಾರು ಎಂದು ಅವರಾದರೂ ಕೇಳಿದರು.

ಔಷಧಿ ತಪ್ಪಿಸಬೇಡ. ಸುಕನ್ಯಾಳಿಗೆ ಮೆಣಸು, ಜೇನು ಕಟ್ಟಿಟ್ಟಿದ್ದೇನೆ, ಯಾರಾದರೂ ಬರುವವರಿದ್ದರೆ ತಿಳಿಸು. ಎಷ್ಟು ಬೈದರೂ ನೀನು ನಾನು ಎತ್ತಿ ಆಡಿಸಿದ ಕೂಸು, ಶಿವ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಸರ್ವಮಂಗಳಾ

ಮರೆತಿದ್ದೆ: ಅರ್ಧ ಪಾಲು ಕೇಳಿ ಸೋಮವಾರ ಮೂಡಿಗೆರೆ ಕೋರ್ಟಿನಲ್ಲಿ ದಾವೆ ಹಾಕಿದ್ದೇನೆ, ನೋಟಿಸು ನಿನಗೆ ಬರುತ್ತದೆ. ಗಂಟುಬಿದ್ದ ಆ ಮೊದಲ ನಕ್ಷೆಯ ಪ್ರಿಂಟನ್ನೂ ವಕೀಲರಿಗೆ ಕೊಟ್ಟಿದ್ದೇನೆ, ಅದರಲ್ಲಿ ತಾರೀಖಿದೆ, ನನ್ನ ಹೆಜ್ಜೆಯಿದೆ. ಆರು ಆರು ಎಕರೆಯಾದರೆ ಇಬ್ಬರೂ ಗಡಿ ಸುತ್ತಿ ಗೆರೆ ಎಳೆಯಬೇಕಾಗಿಲ್ಲ, ಒಂದೊಂದು ಚುಕ್ಕೆ ಸಾಕು. ನನ್ನ ಚುಕ್ಕೆಯನ್ನು ಚೌಡಿ ಬನದ ಪಕ್ಕ ಇಡುತ್ತೇನೆ. ನಿನ್ನದು ಎಲ್ಲಿ ಅಂತ ಬಂದು ತೋರಿಸು.