ಅಪ್ಪನ ಮಧ್ಯಾಹ್ನದ ನಿದ್ದೆ

ಜೂನ್ 8, ಭಾನುವಾರ

ಚರ್ಚಿನವರು ಕೊಡ್ತೀವಿ ಅಂದದ್ದು: ದೀಕ್ಷಾಸ್ನಾನ ಆದರೆ ಎಲ್ಲರೂ ಸಮ. ಎಲ್ಲರಿಗೂ ಒಂದೇ ಸ್ಮಶಾನ. ಸತ್ತ ಮೇಲೆ ಸ್ವರ್ಗ.

ಕೊಡದೇ ಹೋದದ್ದು: ಒಂದೇ ಸ್ಮಶಾನ — ನಮ್ಮ ಕೇರಿಯ ಹೆಣಕ್ಕೆ ಗೋಡೆಯಾಚೆ ಜಾಗ. ಎಸ್.ಸಿ. ಸರ್ಟಿಫಿಕೇಟೂ ಹೋಯಿತು — ಚರ್ಚಿಗೆ ಹೋದವರಿಗೆ ಸರ್ಕಾರ ಕೊಡುವುದಿಲ್ಲ.

ಅಪ್ಪನಿಗೆ ಉಳಿದದ್ದು ಸ್ವರ್ಗ ಒಂದೇ. ಅದನ್ನು ಇವತ್ತು ತಂಗಿ ವರ್ಷಾ ಹತ್ತು ನಿಮಿಷದಲ್ಲಿ ಕೊಟ್ಟುಬಿಟ್ಟಳು. ಕ್ಯಾಥೊಲಿಕ್ ಚರ್ಚು ಬಿಟ್ಟು ಪ್ರೊಟೆಸ್ಟಂಟರ ರಿಫಾರ್ಮ್ಡ್ ಸಭೆ ಸೇರಿದವಳು. ಅವಳು ಕೆಲಸಕ್ಕಿರುವ ಅಮೀರ್‌ಪೇಟ್‌ನ ಕಂಪ್ಯೂಟರ್ ಕೋಚಿಂಗ್ ಸೆಂಟರಿನಲ್ಲಿ, ಬೋರ್ಡಿನ ಮೇಲಿನ ಜಾವಾ ಪಾಠ ಅಳಿಸಿ ಅವರ ಆರಾಧನೆ. ಬಸ್ಸಿಳಿದು ಬಂದವಳೇ ಅಂದಳು:

"ನಂಬೀಯಲ್ಲಪ್ಪಾ. ಮುಗೀತು. ನಿನ್ನ ಹೆಸರು ಅಲ್ಲಿ ಬರದೈತಿ. ಯಾರೂ ಅಳಸಂಗಿಲ್ಲ."

ಅದನ್ನು ಕೇಳಿ ಅಪ್ಪ ಮಧ್ಯಾಹ್ನವೆಲ್ಲ ಗೊರಕೆ ಹೊಡೆದ. ಮೂರು ವರ್ಷದಿಂದ ಅವನ ಎದೆನೋವು, ಮಾತ್ರೆ, ಬೆಡ್‌ಪ್ಯಾನು ನನ್ನವು. ನೆಮ್ಮದಿ ಅವಳದ್ದು.

ಜೂನ್ 11

ಹೊಟ್ಟೆ ಉರಿಯುತ್ತಿದೆ. ನಮ್ಮ ಕ್ಯಾಥೊಲಿಕರಲ್ಲಿ ನಂಬಿಕೆ ಬೇರೆ, ಭರವಸೆ ಬೇರೆ. ದೇವರು ಹೇಳಿದ್ದು ನಿಜ — ಅದು ನಂಬಿಕೆ. ನಾನು ದಡ ಮುಟ್ಟುತ್ತೇನೆ — ಅದು ಭರವಸೆ. ಕೊನೆಯುಸಿರಿನವರೆಗೂ ಕೈಜಾರಬಹುದು. ಅವಳಿಗೆ ನಂಬಿಕೆಯೊಳಗೇ ಖಾತ್ರಿ. ಭರವಸೆ ಅಂದರೆ ಕನ್ಫರ್ಮ್ ಟಿಕೆಟ್ ಹಿಡಿದು ಗಾಡಿಗೆ ಕಾಯುವುದು. ನಾನು ವೇಟಿಂಗ್ ಲಿಸ್ಟು.

ಮೂವತ್ತು ವರ್ಷ ದಲಿತ ಚಳವಳಿಯಲ್ಲಿ ಹೀಗೇ ನಡೆದೆ. ಗೆಲ್ಲುತ್ತೇವೆ ಅಂತ ಒಂದು ದಿನವೂ ಗೊತ್ತಿರಲಿಲ್ಲ. ಅವಳಿಗೆ ಹೇಗೆ ಗೊತ್ತು...

ಜೂನ್ 12, ಮಧ್ಯಾಹ್ನ 2

ಅಪ್ಪನಿಗೆ ಹೇಳಿಬಿಟ್ಟೆ. ಅಷ್ಟು ಖಾತ್ರಿ ಅಹಂಕಾರ, ಪಾಪ ಅಂತ. ಅಪ್ಪ ಸೂರು ನೋಡಿದ.

"ಹಂಗಾರ ನನ್ನ ಹೆಸರು ಇಲ್ಲೇನವ್ವಾ?"

ಇರಬಹುದು ಅಂದೆ. ಇರಬಹುದು. ಸರ್ಟಿಫಿಕೇಟಿಗೆ ಅಲೆದಾಗ ಗುಮಾಸ್ತ ನನಗೆ ಹೇಳುತ್ತಿದ್ದ ಮಾತು.

ಜೂನ್ 17

ಅಪ್ಪ ಕಣ್ಣು ಮುಚ್ಚುತ್ತಿಲ್ಲ. ಉಸಿರು ಕಿತ್ತುಕಿತ್ತು ಬರುತ್ತಿದೆ. ಭಾನುವಾರ ವರ್ಷಾ ಇಲ್ಲಿಗೆ ಬರಲು ಹೊರಟಿದ್ದಳು. ಅಪ್ಪ ಮಲಗಿದ್ದಾನೆ, ಬರಬೇಡ ಅಂದೆ. ಸುಳ್ಳು.

ಇವತ್ತು ಫಾದರ್ ಬಂದು ಕಾಯಿಲೆಯವರಿಗೆ ಹಚ್ಚುವ ಪವಿತ್ರ ಎಣ್ಣೆ ಹಚ್ಚಿದರು. ದೇವರ ಕರುಣೆಗೆ ಒರಗುವುದೇ ಭರವಸೆ, ಹೆದರಿಸುವುದಲ್ಲ ಅಂದರು. ಅಪ್ಪನಿಗೆ ಹೇಳಿದ್ದು. ನೋಡಿದ್ದು ನನ್ನನ್ನು. ನಾನು ಕೊಟ್ಟದ್ದು ಭರವಸೆಯಲ್ಲ, ಹೊಟ್ಟೆಕಿಚ್ಚು. ಅವರು ಹೋದ ಮೇಲೂ ಅಪ್ಪ ಮಲಗಲಿಲ್ಲ. ವರ್ಷಾ ಯಾವಾಗ ಬರುತ್ತಾಳೆ ಅಂತ ಕೇಳಿದ.

ಜೂನ್ 18, ಬುಧವಾರ, ಬೆಳಿಗ್ಗೆ 7

ವರ್ಷಾಗೆ ಫೋನ್ ಮಾಡಿದೆ. ಬಾ, ಆ ಮಾತು ಇನ್ನೊಮ್ಮೆ ಹೇಳು ಅಂದೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವಳು ಕೇಳಿದಳು:

"ನೀ ನಂಬ್ತೀಯೇನಕ್ಕಾ, ಆ ಮಾತು?"

"ಇಲ್ಲ. ಅಪ್ಪ ಮಲಗ್ಲಿ."

"ನಾ ಹೇಳೂಮುಂದ ನೀ ಬಾಜೂಕ ಕುಂಡ್ರಬೇಕು. ಬಾಯಿ ಮುಚಗೊಂಡು."

ಕೂರುತ್ತೇನೆ ಅಂದೆ. ಇವತ್ತು ರಜೆ ಸಿಗುವುದಿಲ್ಲವಂತೆ. ನಾಳೆಯವರೆಗೆ ಅಪ್ಪ ಇರುತ್ತಾನೋ... ನನಗೆ ಖಾತ್ರಿ ಇಲ್ಲ. ಗುರುವಾರ, ಮಧ್ಯಾಹ್ನ ಎರಡಕ್ಕೆ ಬರುತ್ತಾಳೆ.