ಅಪ್ಪನ ಮುಂಬಾಗಿಲು

ಶೂಫ್ ಬೆಟ್ಟ, ಅಕ್ಟೋಬರ್ 1993

ತಮ್ಮ ನಸೀಬ್,

ನೀನು ಬೇಡವೆಂದರೂ ಊರಿಗೆ ಬಂದೆ. ಅಂತರ್ಯುದ್ಧದಲ್ಲಿ ನಾವು ಬಿಟ್ಟು ಓಡಿದ ಮನೆ ನಿಂತೇ ಇದೆ, ಒಳಗೆ ಬೇರೆಯವರಿದ್ದಾರೆ. ಮುಂಬಾಗಿಲು ಬಡಿದೆ. "ಅದು ತೆಗೆಯೋಕೆ ಬರಲ್ಲ, ಹಿಂದಿನಿಂದ ಬನ್ನಿ" ಎಂದು ಹೆಂಗಸೊಬ್ಬಳು ಒಳಗಿಂದ ಕೂಗಿದಳು. ನನಗೆ ರೇಗಿತು. ಅಪ್ಪ ಮಾಡುತ್ತಿದ್ದ ಹಾಗೆ ಹಿಡಿಕೆ ಮೇಲಕ್ಕೆತ್ತಿ, ಕೆಳಮೂಲೆಗೆ ಮೊಣಕಾಲು ಕೊಟ್ಟೆ. ತೆರೆಯಿತು!

"ಅಯ್ಯಯ್ಯೋ! ಹತ್ತು ವರ್ಷದಿಂದ ಅಡುಗೆಮನೆ ಕಡೆಯಿಂದಲೇ ಓಡಾಡ್ತಿದ್ದೀವಿ. ನೀವ್ಯಾರಕ್ಕ?"

"ಈ ಮನೆಯವಳು."

ಅವಳ ಮುಖ ಬಿಳುಪೇರಿತು. ಆದರೂ ಕೂರಿಸಿ ಕಾಫಿ ಕೊಟ್ಟಳು, ಅಮ್ಮನ ನೀಲಿ ಬಟ್ಟಲಲ್ಲೇ. ಅವರ ಮನೆಯನ್ನು ನಮ್ಮ ಕಡೆಯವರು ಸುಟ್ಟಿದ್ದರಂತೆ. "ಆ ಮನೆಗೆ ಸೂರು ಹಾಕಿಸೋವರೆಗೆ ತಡೀರಿ" ಎಂದಳು.

"ಈ ಸಲದ ಆಲಿವ್ ನೀವೇ ಬಿಡಿಸ್ಕೊಳ್ಳಿ. ಈಸ್ಟರ್‌ಗೆ ನಾವು ಬರ್ತೀವಿ" ಎಂದೆ.

ಮೊಣಕಾಲು ಊದಿಕೊಂಡಿದೆ. ಈ ಕಾರ್ಡು ತರುವ ಟ್ಯಾಕ್ಸಿಯವನ ಕೈಲೇ ಮುಲಾಮು ಕಳಿಸು. ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ.

ಹೊರಡುವಾಗ ಆ ಬಾಗಿಲನ್ನು ಎಳೆದು ಮುಚ್ಚಿದೆ. "ಅಕ್ಕಾ, ಹೆಂಗೆ ತೆಗೆದ್ರಿ, ತೋರಿಸಿ ಹೋಗಿ!" ಎಂದು ಒಳಗಿಂದ ಕೂಗಿದಳು. ತೋರಿಸಲಿಲ್ಲ.

ನಿನ್ನಕ್ಕ ವದೀಹಾ