ಶಿಬಿರದವರು ಮಾಡಿಸಿದ ಮದುವೆ

ಆಗಸ್ಟ್ 30, ಶುಕ್ರವಾರ. ನೆವಾಡ ಮರುಭೂಮಿ.

ಡೆಲ್ಮರ್ ಇವತ್ತು ಎಲ್ಲರೆದುರು ನನ್ನನ್ನು ಮತ್ತೊಮ್ಮೆ ಮದುವೆಯಾದ. ನನ್ನನ್ನು ಬಿಟ್ಟು ಹೋಗುತ್ತೇನೆ ಎಂದು ಜೂನ್‌ನಲ್ಲೇ ಹೇಳಿದ್ದವನು. ಬದುಕಿನ ಉಳಿದ ದಿನ ಒಬ್ಬನೇ ಇರಬೇಕಂತೆ. ವರ್ಷಕ್ಕೊಮ್ಮೆ ಮರಳಿನ ನಡುವೆ ಡೇರೆ ಹಾಕಿ ವಾರವಿಡೀ ನಡೆಸುವ, ಹತ್ತೊಂಬತ್ತು ವರ್ಷದಿಂದ ಬರುತ್ತಿರುವ ಈ ಉತ್ಸವಕ್ಕೆ ಕಡೆಯ ಸಲ ಒಟ್ಟಿಗೆ ಹೋಗೋಣ, ಯಾರಿಗೂ ಹೇಳುವುದು ಬೇಡ ಎಂದು ಮಾತಾಡಿಕೊಂಡೇ ಬಂದಿದ್ದೆವು.

ನಮಗೆ ಗೊತ್ತಾಗದಂತೆ, ಪ್ರತಿವರ್ಷ ನಮ್ಮ ಜೊತೆ ಡೇರೆ ಹಾಕುವ ಶಿಬಿರದವರೆಲ್ಲ ಸೇರಿ ಹಳೆಯ ಪ್ಯಾರಾಚೂಟ್ ಬಟ್ಟೆಯ ಚಪ್ಪರ ಹಾಕಿದ್ದರು. ನಮ್ಮ ಮದುವೆಗೆ ನಲವತ್ತು ವರ್ಷವಾಯಿತಲ್ಲ, ಅದಕ್ಕೆ. ಪುರೋಹಿತಿಕೆ ಶಿಬಿರದಲ್ಲಿ ಅಡುಗೆ ಮಾಡುವ ಟ್ಯಾನ್ಸಿಯದು, ಮೈಗೆಲ್ಲ ನೀಲಿ ಬಣ್ಣ ಬಳಿದುಕೊಂಡು.

"ಏನ್ ಮುದುಕಪ್ಪ, ಇವಳನ್ನ ಇನ್ನೊಂದ್ಸಲ ಕಟ್ಕೋತೀಯಾ? ಇಲ್ಲಾಂದ್ರೆ ಈಗ್ಲೇ ಹೇಳ್ಬಿಡು, ನಾನೇ ಕಟ್ಕೋತೀನಿ!"

ಎಲ್ಲರೂ ನಕ್ಕರು. ಡೆಲ್ಮರ್ ಧೂಳಿನ ಕನ್ನಡಕ ತೆಗೆದ. ಕಣ್ಣು ಒದ್ದೆಯಾಗಿತ್ತು.

"ಕಟ್ಕೋತೀನಿ," ಎಂದ.

ಒಂದು ಗಳಿಗೆ ನಂಬಿಬಿಟ್ಟೆ. ಎಪ್ಪತ್ತು ವರ್ಷದ ಹೆಂಗಸು, ನಂಬಿಬಿಟ್ಟೆ.

ಡೇರೆಗೆ ಬಂದ ಮೇಲೆ ಕೇಳಿದೆ: "ಮನಸ್ಸಿಂದ ಹೇಳಿದ್ಯಾ?"

"ಅಷ್ಟು ಜನ ಖುಷಿಯಾಗಿದ್ರು, ವರ್ನಾ. ಇನ್ನೇನ್ ಹೇಳ್ಲಿ?"

"ಹಂಗಾದ್ರೆ ಸೋಮವಾರ ಊರಿಗೆ ಹೋದ್ಮೇಲೆ?"

"ಹೊರಡ್ತೀನಿ ಕಣೆ. ಅದೇನೂ ಬದಲಾಗಿಲ್ಲ."

ಆಮೇಲೆ ಪ್ರತಿವರ್ಷದ ಹಾಗೆ ಬೋಗುಣಿಯಲ್ಲಿ ವಿನೆಗರ್ ಬೆರೆಸಿದ ನೀರು ತಂದ. ಇಲ್ಲಿನ ಕ್ಷಾರದ ಧೂಳಿಗೆ ನನ್ನ ಹಿಮ್ಮಡಿ ಬಿರಿಯುತ್ತದೆ, ವಿನೆಗರ್ ಹಾಕಿ ತೊಳೆದರೆ ಆ ಕ್ಷಾರ ಹೋಗುತ್ತದೆ. ನೋಯುತ್ತಿರುವ ಮಂಡಿ ಊರಿ ಕೂತು ಒಂದೊಂದೇ ಬೆರಳಿನ ಸಂದು ತೊಳೆದ. "ಉರೀತಾ?" ಎಂದು ನಡುನಡುವೆ ಕೇಳಿದ. ಬೇಡ ಹೋಗು ಎಂದು ಕಾಲು ಎಳೆದುಕೊಳ್ಳಬೇಕಿತ್ತು.

ಇನ್ನೊಂದು ಕಾಲನ್ನೂ ಚಾಚಿದೆ.